ಅನುಭವಿ ಸ್ಕ್ಯಾಫೋಲ್ಡಿಂಗ್ ಕೆಲಸಗಾರರಿಗೆ ತರಬೇತಿ ಮತ್ತು ಅರ್ಹತೆ: ಎಷ್ಟು ಬೇಕು, ಯಾರು ಪರೀಕ್ಷಿಸಬೇಕು?

ಪ್ರಶ್ನೆ
ಸ್ಕ್ಯಾಫೋಲ್ಡಿಂಗ್ ಗುತ್ತಿಗೆದಾರ, ಬೈಕಂಪಾಡಿ

ಎಲ್ಲರಿಗೂ ನಮಸ್ಕಾರ. ಬೈಕಂಪಾಡಿಯಲ್ಲಿ ನಮ್ಮದೊಂದು ಸಣ್ಣ ಸ್ಕ್ಯಾಫೋಲ್ಡಿಂಗ್ ಗುತ್ತಿಗೆ ಸಂಸ್ಥೆಯಿದೆ. ನಗರದ ಬಹುಮಹಡಿ ಕಟ್ಟಡಗಳ ಹೊರಗೋಡೆಯ ಗಾರೆ ಮತ್ತು ಬಣ್ಣದ ಕೆಲಸಕ್ಕೆ ಸಾರುವೆ, ಅಂದರೆ ಸ್ಕ್ಯಾಫೋಲ್ಡಿಂಗ್, ಕಟ್ಟಿಕೊಡುತ್ತೇವೆ. ಅದರ ಜೊತೆಗೆ ಪಣಂಬೂರು, ಕುತ್ತೆತ್ತೂರು ಆಸುಪಾಸಿನ ಕಾರ್ಖಾನೆಗಳಲ್ಲಿ ದುರಸ್ತಿಗೆಂದು ಘಟಕ ನಿಲ್ಲಿಸಿದಾಗ ಟ್ಯಾಂಕು, ಬಾಯ್ಲರು, ಎತ್ತರದ ಪೈಪುಗಳ ಸುತ್ತ ಅಟ್ಟಣಿಗೆ ಕಟ್ಟುವ ಕೆಲಸವನ್ನೂ ಮಾಡುತ್ತೇವೆ. ನಮ್ಮ ಹಿರಿಯ ಕೆಲಸಗಾರರಲ್ಲಿ ಕೆಲವರು ಅಡಿಕೆ ಮರ, ಬಿದಿರು, ಹುರಿಹಗ್ಗದ ಕಾಲದಲ್ಲಿ ಕೈ ಪಳಗಿಸಿಕೊಂಡು, ಬಳಿಕ ಪೈಪು-ಕ್ಲಾಂಪಿಗೂ ಈಚೆಗೆ ಕಪ್ಪಿನಾಕಾರದ ಬೀಗದಿಂದ ಪೈಪುಗಳನ್ನು ಜೋಡಿಸುವ ಕಪ್‌ಲಾಕಿಗೂ ಬಂದವರು. ಇನ್ನು ಕೆಲವರು ಕೊಲ್ಲಿ ದೇಶಗಳಲ್ಲಿ ದುಡಿದು ಊರಿಗೆ ಮರಳಿದವರು. ಅವರ ಕೈಕೆಲಸದ ಬಗ್ಗೆ ನನಗೆ ಸಂದೇಹವಿಲ್ಲ.

ಈ ಸಲ ನಾವು ಅರ್ಜಿ ಹಾಕಬೇಕೆಂದಿರುವ ಒಂದು ದೊಡ್ಡ ಕೆಲಸದ ಟೆಂಡರಿನಲ್ಲಿ ಹೊಸದೊಂದು ಷರತ್ತು ಬಂದಿದೆ. ಸ್ಕ್ಯಾಫೋಲ್ಡಿಂಗ್ ಕಟ್ಟುವ, ಬದಲಾಯಿಸುವ, ಬಿಚ್ಚುವ ಪ್ರತಿಯೊಬ್ಬನೂ ತರಬೇತಿ ಪಡೆದು ಅರ್ಹತೆಯನ್ನು ಸಾಬೀತುಪಡಿಸಿರಬೇಕು. ಕಟ್ಟಿದ್ದನ್ನು ಪರಿಶೀಲಿಸಿ, ಅದಕ್ಕೆ ತೂಗುಹಾಕುವ ಪರಿಶೀಲನಾ ಚೀಟಿಗೆ, ಅಂದರೆ ಟ್ಯಾಗಿಗೆ, ಸಹಿ ಹಾಕುವವನಿಗೆ ಬೇರೆಯೇ ಅರ್ಹತೆ ಇರಬೇಕು ಎಂದು ಬರೆದಿದ್ದಾರೆ. ಷರತ್ತಿನ ಉದ್ದೇಶವನ್ನು ನಾನು ಒಪ್ಪುತ್ತೇನೆ. ಆದರೆ ಇಷ್ಟು ವರ್ಷ ಇದೇ ಕೆಲಸ ಮಾಡಿದವರನ್ನು ಹೊಸಬರ ಜೊತೆ ಕೂರಿಸಿ ಪೈಪು ಎಂದರೇನು, ಕ್ಲಾಂಪು ಎಂದರೇನು ಎಂಬಲ್ಲಿಂದ ಆರಂಭಿಸಬೇಕೆ? ನಮ್ಮ ದೇಶದ ಕಾನೂನು ಪ್ರಮಾಣಪತ್ರವನ್ನೇ ಕೇಳುತ್ತದೆಯೆ, ಅಥವಾ ಅನುಭವವನ್ನು ಬೇರೆ ರೀತಿಯಲ್ಲಿ ತೋರಿಸಿದರೂ ನಡೆಯುತ್ತದೆಯೆ? ಒಮ್ಮೆ ಪಡೆದ ತರಬೇತಿ ಎಷ್ಟು ಕಾಲ ಸಲ್ಲುತ್ತದೆ? ಈ ಕ್ಷೇತ್ರದಲ್ಲಿರುವವರು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ
ನಿವೃತ್ತ ಸುರಕ್ಷತಾ ಅಧಿಕಾರಿ, ಸುರತ್ಕಲ್

ಮೊದಲು ಕಾನೂನಿನ ಮಾತು. ನೀವು ಮಾಡುವ ಎರಡು ಬಗೆಯ ಕೆಲಸಗಳಿಗೆ ಇಷ್ಟು ಕಾಲ ಎರಡು ಬೇರೆ ಕಾಯಿದೆಗಳು ಅನ್ವಯಿಸುತ್ತಿದ್ದವು ಎಂಬುದನ್ನು ಬಹಳಷ್ಟು ಗುತ್ತಿಗೆದಾರರು ಗಮನಿಸಿಲ್ಲ. ನಗರದ ಕಟ್ಟಡ ಕೆಲಸಕ್ಕೆ 1996ರ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಾಯಿದೆ, ಅದರಡಿಯ 1998ರ ಕೇಂದ್ರ ನಿಯಮಗಳು ಮತ್ತು 2006ರ ಕರ್ನಾಟಕ ನಿಯಮಗಳು ಇದ್ದವು. ಕಾರ್ಖಾನೆಯ ಆವರಣದೊಳಗಿನ ಕೆಲಸಕ್ಕೆ 1948ರ ಕಾರ್ಖಾನೆಗಳ ಕಾಯಿದೆ ಮತ್ತು 1969ರ ಕರ್ನಾಟಕ ಕಾರ್ಖಾನೆಗಳ ನಿಯಮಗಳು ಇದ್ದವು. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಇವೆರಡನ್ನೂ ಒಂದೇ ಸೂರಿನಡಿ ತಂದಿದೆ; ಅದು 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ಕಾಯಿದೆಯ ಹೆಸರು ಬದಲಾದರೂ ನಿಮ್ಮ ಪ್ರಶ್ನೆಗೆ ಬೇಕಾದ ತಿರುಳು ಹಳೆಯ ನಿಯಮಗಳಲ್ಲಿಯೇ ಸ್ಪಷ್ಟವಾಗಿತ್ತು: ಜವಾಬ್ದಾರಿಯುತ ವ್ಯಕ್ತಿಯೊಬ್ಬನ ಮೇಲ್ವಿಚಾರಣೆಯಿಲ್ಲದೆ ಯಾವ ಸಾರುವೆಯನ್ನೂ ಕಟ್ಟುವಂತಿಲ್ಲ, ಅದಕ್ಕೆ ಏನನ್ನೂ ಸೇರಿಸುವಂತಿಲ್ಲ, ಅದನ್ನು ಬದಲಾಯಿಸುವಂತಿಲ್ಲ, ಬಿಚ್ಚುವಂತಿಲ್ಲ. ಕಾರ್ಖಾನೆಗಳ ಕಾಯಿದೆಯ 7ಎ ಕಲಮು ಮಾಹಿತಿ, ತರಬೇತಿ ಮತ್ತು ಮೇಲ್ವಿಚಾರಣೆ ಒದಗಿಸುವ ಹೊಣೆಯನ್ನು ಕಾರ್ಖಾನೆಯ ಅಧಿಭೋಗದಾರನ, ಅಂದರೆ ಅದರ ಮೇಲೆ ಅಂತಿಮ ಹತೋಟಿ ಇರುವವನ, ಮೇಲೆ ಹೊರಿಸಿತ್ತು. 111ಎ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸುರಕ್ಷತೆಯ ತರಬೇತಿ ಪಡೆಯುವುದನ್ನು ಕಾರ್ಮಿಕನ ಹಕ್ಕೆಂದೇ ಹೇಳಿತ್ತು.

ಸ್ಕ್ಯಾಫೋಲ್ಡಿಂಗ್ ಕೆಲಸಗಾರನಿಗೆ ಸರಕಾರವೇ ಕೊಡುವ ಕಡ್ಡಾಯ ಪರವಾನಗಿ ಎಂಬುದು ನಮ್ಮ ದೇಶದಲ್ಲಿಲ್ಲ. ಆದ್ದರಿಂದ ಇಂತಹದೇ ಸಂಸ್ಥೆಯ ಪ್ರಮಾಣಪತ್ರ ಬೇಕೆಂಬ ಷರತ್ತು ಟೆಂಡರು ಕರೆದವರದು. ಹಾಗೆಂದು ಪ್ರಮಾಣಪತ್ರವಿಲ್ಲದಿದ್ದರೂ ನಡೆಯುತ್ತದೆ ಎಂದು ತೀರ್ಮಾನಿಸಬೇಡಿ. ಅವಘಡವಾದ ದಿನ ತನಿಖೆಗೆ ಬರುವ ಅಧಿಕಾರಿ ಕೇಳುವ ಮೊದಲ ಪ್ರಶ್ನೆ, ಈ ಮನುಷ್ಯನಿಗೆ ಈ ಕೆಲಸ ಗೊತ್ತಿತ್ತು ಎಂದು ನೀವು ಹೇಗೆ ಖಚಿತಪಡಿಸಿಕೊಂಡಿದ್ದಿರಿ ಎಂಬುದೇ ಆಗಿರುತ್ತದೆ. ಬಹಳ ವರ್ಷದಿಂದ ನಮ್ಮಲ್ಲಿದ್ದಾನೆ ಎಂಬ ಉತ್ತರ ಅಲ್ಲಿ ನಿಲ್ಲುವುದಿಲ್ಲ. ಇನ್ನೊಂದು ಮಾತು: ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಗುರುತಿನ ಚೀಟಿಯನ್ನು ಕೆಲವರು ಅರ್ಹತೆಯ ದಾಖಲೆಯೆಂದು ಕಡತದಲ್ಲಿ ಸೇರಿಸಿಡುತ್ತಾರೆ. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದಕ್ಕೆ ಸಿಗುವ ನೋಂದಣಿ ಅದು. ಸೌಲಭ್ಯಗಳಿಗೆ ಅದು ಅಗತ್ಯ. ಕೌಶಲದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಅರ್ಹ ವ್ಯಕ್ತಿ ಯಾರು ಎಂಬುದಕ್ಕೆ ನನಗೆ ಅತ್ಯಂತ ಉಪಯುಕ್ತವಾಗಿ ಕಂಡದ್ದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಇಲಾಖೆಯಾದ ಓಶಾದ ನಿಯಮಗಳ ವಿವರಣೆ. ಈಗಿರುವ ಮತ್ತು ಮುಂದೆ ಬರಬಹುದಾದ ಅಪಾಯಗಳನ್ನು ಗುರುತಿಸಬಲ್ಲವನಾಗಿರಬೇಕು ಎಂಬುದು ಅದರ ಒಂದು ಭಾಗ. ಅವುಗಳನ್ನು ಕೂಡಲೇ ಸರಿಪಡಿಸುವ ಅಧಿಕಾರ ಅವನಿಗೆ ಇರಬೇಕು ಎಂಬುದು ಇನ್ನೊಂದು ಭಾಗ. ನಮ್ಮ ಕಡೆ ಮೊದಲನೆಯದು ಅನುಭವಿ ಮೇಸ್ತ್ರಿಗಳಲ್ಲಿ ಧಾರಾಳವಾಗಿದೆ. ಎರಡನೆಯದನ್ನು ನಾವು ಅವರಿಗೆ ಕೊಟ್ಟೇ ಇಲ್ಲ. ಸಾರುವೆಯನ್ನು ಗೋಡೆಗೆ ಬಿಗಿದು ಹಿಡಿಯುವ ಟೈ ಬಿಚ್ಚಿಹೋಗಿರುವುದನ್ನು ಮೇಸ್ತ್ರಿ ನೋಡುತ್ತಾನೆ, ಸಂಬಂಧಪಟ್ಟವರಿಗೆ ಹೇಳುತ್ತಾನೆ, ಸಂಜೆಯೊಳಗೆ ಗಾರೆ ಮುಗಿಯಬೇಕೆಂಬ ಒತ್ತಡದಲ್ಲಿ ಆ ಮಾತು ಅಲ್ಲಿಗೇ ನಿಂತುಹೋಗುತ್ತದೆ. ಕೆಲಸ ನಿಲ್ಲಿಸುವ ಅಧಿಕಾರವನ್ನು ಹೆಸರು ಬರೆದು, ಲಿಖಿತವಾಗಿ ಕೊಡದ ಹೊರತು ನೀವು ಎಂತಹ ತರಬೇತಿ ಕೊಡಿಸಿದರೂ ಅದು ಅರ್ಧ ತರಬೇತಿಯೇ.

ಉತ್ತರ
ಸ್ಕ್ಯಾಫೋಲ್ಡಿಂಗ್ ಸೂಪರ್‌ವೈಸರ್, ಕಾಪು

ಕೊಲ್ಲಿಯ ತೈಲ ಸಂಸ್ಕರಣಾಗಾರಗಳಲ್ಲಿ ಹಲವು ವರ್ಷ ಸ್ಕ್ಯಾಫೋಲ್ಡಿಂಗ್ ಮೇಲ್ವಿಚಾರಣೆ ನೋಡಿಕೊಂಡು ಬಂದವನು ನಾನು. ಅಲ್ಲಿನ ಪದ್ಧತಿ ಹೇಗಿದೆ ಎಂದು ಹೇಳಿದರೆ ನಿಮಗೆ ದಾರಿ ಕಾಣಬಹುದು.

ಅಲ್ಲಿ ಹೆಚ್ಚಾಗಿ ಕೇಳುವುದು ಸ್ಕ್ಯಾಫೋಲ್ಡಿಂಗ್ ಕೆಲಸಗಾರರ ತರಬೇತಿ ಮತ್ತು ಅರ್ಹತೆಯನ್ನು ದಾಖಲಿಸುವ ಬ್ರಿಟನ್ನಿನ ಸಿಐಎಸ್‌ಆರ್‌ಎಸ್ ಯೋಜನೆಯ ಕಾರ್ಡು. ಬ್ರಿಟನ್ನಿನೊಳಗೆ ಅದಕ್ಕೆ ತರಬೇತಿಯ ಎರಡು ಭಾಗಗಳು, ನಡುನಡುವೆ ಕೆಲಸದ ಅನುಭವ, ಕೊನೆಗೆ ಕೈಕೆಲಸದ ಪರೀಕ್ಷೆ. ಅದರ ಮೇಲಿನ ಹಂತ ಅಡ್ವಾನ್ಸ್ಡ್ ಸ್ಕ್ಯಾಫೋಲ್ಡರ್. ಹೊರದೇಶಗಳಿಗೆಂದೇ ಅವರದು ಬೇರೊಂದು ಯೋಜನೆ ಇದೆ. ಅದರಲ್ಲಿ ಒಂದು, ಎರಡು, ಮೂರು ಎಂದು ಹಂತಗಳಿದ್ದು, ಮೇಲ್ವಿಚಾರಕರಿಗೆ ಮತ್ತು ಪರಿಶೀಲಕರಿಗೆ ಪ್ರತ್ಯೇಕ ತರಬೇತಿಗಳಿವೆ. ಸೌದಿಯ ತೈಲ ಕಂಪನಿ ಅರಾಮ್ಕೋ ತನ್ನ ಕೆಲಸಗಳಿಗೆ ಬರುವ ಸ್ಕ್ಯಾಫೋಲ್ಡಿಂಗ್ ಮೇಲ್ವಿಚಾರಕರಿಗೆ ತನ್ನದೇ ಅರ್ಹತಾ ಷರತ್ತು ಇಟ್ಟಿದೆ. ನಮ್ಮ ದೇಶದಲ್ಲಿ ನಿರ್ಮಾಣ ಕ್ಷೇತ್ರದ ಕೌಶಲ ಮಂಡಳಿಯು ಸ್ಕ್ಯಾಫೋಲ್ಡಿಂಗ್ ಕೆಲಸವನ್ನು ಸಹಾಯಕ, ಪೂರ್ಣ ಕೆಲಸಗಾರ ಎಂದು ಹಂತಗಳಾಗಿ ವಿಂಗಡಿಸಿದೆ, ಕಪ್‌ಲಾಕಿನಂತಹ ಸಿಸ್ಟಂ ಸ್ಕ್ಯಾಫೋಲ್ಡಿಂಗಿಗೆ ಪ್ರತ್ಯೇಕ ಮಾನದಂಡ ಇಟ್ಟಿದೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಇಲ್ಲಿದೆ: ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಡಿ, ಈಗಾಗಲೇ ಕೆಲಸ ಬಲ್ಲವರ ಕೌಶಲವನ್ನು ಗುರುತಿಸಿ ಪ್ರಮಾಣೀಕರಿಸುವ ಆರ್‌ಪಿಎಲ್ ಎಂಬ ಮಾರ್ಗವಿದೆ. ಹೊಸಬರ ಪೂರ್ತಿ ತರಬೇತಿಯಲ್ಲಿ ಕೂರುವ ಬದಲು ಸಣ್ಣದೊಂದು ಪರಿಚಯ ತರಗತಿ, ಬಳಿಕ ಸ್ವತಂತ್ರ ಪರೀಕ್ಷಕನ ಮುಂದೆ ಪರೀಕ್ಷೆ. ಅನುಭವಿಗಳಿಗಾಗಿಯೇ ಮಾಡಿದ ದಾರಿ ಅದು.

ಇಷ್ಟು ಹೇಳಿದ ಮೇಲೆ, ಅನುಭವಿಗಳಿಗೆ ತರಬೇತಿಯೇ ಬೇಡ ಎಂಬ ವಾದವನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಪರೀಕ್ಷೆಗಳಲ್ಲಿ ನಾನು ಕಂಡಂತೆ ಕಟ್ಟುವುದರಲ್ಲಿ ಅನುಭವಿಗಳು ಎಡವುವುದು ವಿರಳ. ಅವರು ಎಡವುವುದು ಬೇರೆ ಕಡೆ. ಪೈಪು-ಕ್ಲಾಂಪಿನಲ್ಲಿ ಬೆಳೆದವನು ಕಪ್‌ಲಾಕಿಗೆ ಬಂದಾಗ, ಮೇಲಿನ ಕಪ್ಪನ್ನು ಲೆಡ್ಜರಿನ, ಅಂದರೆ ಅಡ್ಡ ಪೈಪಿನ, ತುದಿಯ ಮೇಲೆ ಇಳಿಸಿ, ತಿರುಗಿಸಿ, ಸುತ್ತಿಗೆಯಿಂದ ಒಂದೇಟು ಕೊಟ್ಟು ಬಿಗಿ ಮಾಡುವುದನ್ನು ಬಿಟ್ಟು ಕೈಯಿಂದ ತಿರುಗಿಸಿ ಮುಂದೆ ಹೋಗುತ್ತಾನೆ. ಕೆಳಗಿನಿಂದ ನೋಡಿದರೆ ಅದು ಕೂತಂತೆಯೇ ಕಾಣುತ್ತದೆ. ಯಾವ ಕೋನಕ್ಕೂ ತಿರುಗುವ ಸ್ವಿವೆಲ್ ಕ್ಲಾಂಪನ್ನು ಬ್ರೇಸಿಂಗಿಗೆ, ಅಂದರೆ ಓರೆಯಾಗಿ ಬಿಗಿಯುವ ಪೈಪುಗಳಿಗೆ, ಇಟ್ಟುಕೊಳ್ಳದೆ, ಕೈಗೆ ಸಿಕ್ಕಿತೆಂದು ಭಾರ ಹೊರುವ ಜಾಗದಲ್ಲಿ ಲಂಬಕೋನದಲ್ಲಿ ಮಾತ್ರ ಹಿಡಿಯುವ ಫಿಕ್ಸ್ ಕ್ಲಾಂಪಿನ ಬದಲು ಹಾಕುತ್ತಾನೆ. ಕ್ಲಾಂಪಿನ ಬೋಲ್ಟನ್ನು ಎಷ್ಟು ಬಿಗಿಯಬೇಕು ಎಂದು ಕೇಳಿದರೆ ಕೈಲಾದಷ್ಟು ಎನ್ನುತ್ತಾನೆ. ಸಾಮಾನ್ಯವಾಗಿ ಬಳಸುವ ಮಾನದಂಡ 50 ನ್ಯೂಟನ್ ಮೀಟರ್. ಅದಕ್ಕಿಂತ ಸಡಿಲವಾದರೆ ಕ್ಲಾಂಪು ಜಾರುತ್ತದೆ, ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಅತಿಯಾಗಿ ಬಿಗಿದರೆ ಬೋಲ್ಟಿನ ಮರೆ, ಅಂದರೆ ತಿರುಪಿನ ಎಳೆ, ಸವೆದು ಹೋಗುತ್ತದೆ.

ಬಿಚ್ಚುವ ಕೆಲಸಕ್ಕಂತೂ ಪ್ರತ್ಯೇಕವಾಗಿ ತರಬೇತಿ ಬೇಕು. ಕಟ್ಟುವಾಗ ಗಮನವಿಟ್ಟು ಮಾಡಿದವರೇ ಬಿಚ್ಚುವಾಗ ಅವಸರ ಮಾಡುತ್ತಾರೆ. ಟೈಗಳನ್ನೂ ಬ್ರೇಸಿಂಗನ್ನೂ ಕೆಳಗಿನಿಂದ ಮೊದಲೇ ತೆಗೆದುಬಿಟ್ಟು, ಮೇಲೆ ನಿಂತಿರುವವನಿಗೆ ಆಧಾರವೇ ಇಲ್ಲದಂತೆ ಮಾಡುವುದು, ಹಲಗೆ ಪೈಪುಗಳನ್ನು ಹಗ್ಗದಲ್ಲಿ ಇಳಿಸದೆ ಎಸೆಯುವುದು ಇವೆಲ್ಲ ನುರಿತ ತಂಡಗಳಲ್ಲಿಯೇ ಕಾಣಸಿಗುತ್ತವೆ. ಹಾರ್ನೆಸ್, ಅಂದರೆ ಬೀಳದಂತೆ ಮೈಗೆ ಕಟ್ಟುವ ಪಟ್ಟಿ, ಧರಿಸಿಯೂ ಕೊಕ್ಕೆ ಎಲ್ಲಿಗೂ ಸಿಕ್ಕಿಸದೆ ನಡೆದಾಡುವ ಅಭ್ಯಾಸ ಹೊಸಬರಿಗಿಂತ ಹಳಬರಲ್ಲಿ ಹೆಚ್ಚು. ಎತ್ತರದ ಭಯ ಅವರಿಂದ ಎಂದೋ ಹೋಗಿರುತ್ತದೆ.

ಅವಧಿಯ ಬಗ್ಗೆ ಕೇಳಿದ್ದೀರಿ. ಬ್ರಿಟನ್ನಿನ ಕಾರ್ಡು ಐದು ವರ್ಷ ಸಲ್ಲುತ್ತದೆ, ನವೀಕರಣಕ್ಕೆ ಎರಡು ದಿನಗಳ ಮುಂದುವರಿಕೆ ತರಬೇತಿ ಕಡ್ಡಾಯ. ನನಗೆ ಇನ್ನೂ ಸಮಂಜಸವಾಗಿ ಕಾಣುವುದು ಓಶಾ ನಿಯಮ. ಅದು ವರ್ಷ ಲೆಕ್ಕ ಹಾಕುವುದಿಲ್ಲ. ಕೆಲಸದ ಜಾಗದಲ್ಲಿ ಹೊಸ ಅಪಾಯ ಬಂದರೆ, ಸ್ಕ್ಯಾಫೋಲ್ಡಿಂಗಿನ ಬಗೆ ಬದಲಾದರೆ, ಅಥವಾ ಕೆಲಸಗಾರನ ಕೆಲಸದಲ್ಲಿ ಕೊರತೆ ಕಂಡುಬಂದರೆ ಮತ್ತೆ ತರಬೇತಿ ಕೊಡಲೇಬೇಕು ಎನ್ನುತ್ತದೆ. ನಿಮ್ಮ ಸಂಸ್ಥೆಯಲ್ಲಿ ಎರಡನ್ನೂ ಇಟ್ಟುಕೊಳ್ಳಿ.

ಪ್ರತಿಕ್ರಿಯೆ
ಸ್ಕ್ಯಾಫೋಲ್ಡಿಂಗ್ ಗುತ್ತಿಗೆದಾರ, ಬೈಕಂಪಾಡಿ

ಇಬ್ಬರಿಗೂ ಧನ್ಯವಾದ. ಕೆಲಸ ನಿಲ್ಲಿಸುವ ಅಧಿಕಾರವನ್ನು ಬರಹದಲ್ಲಿ ಕೊಡಬೇಕೆಂಬ ಮಾತು ನಮ್ಮಲ್ಲಿ ಈವರೆಗೆ ಬಂದದ್ದೇ ಇಲ್ಲ. ಈ ವಾರವೇ ಅದನ್ನು ಮಾಡುತ್ತೇನೆ.

ಇನ್ನೊಂದು ತೊಡಕು ಉಳಿದಿದೆ. ನಮ್ಮ ಹಿರಿಯರಲ್ಲಿ ಕೆಲವರಿಗೆ ಓದುಬರಹ ಅಷ್ಟಾಗಿ ಬರುವುದಿಲ್ಲ. ಬಂಗಾಳ, ಒಡಿಶಾ ಕಡೆಯಿಂದ ಬಂದವರಿಗೆ ಕನ್ನಡ, ತುಳು ಅಷ್ಟಕ್ಕಷ್ಟೆ, ಇಂಗ್ಲಿಷ್ ಪ್ರಶ್ನೆಪತ್ರಿಕೆಯಂತೂ ದೂರವೇ ಉಳಿಯಿತು. ಬರೆಯುವ ಪರೀಕ್ಷೆ ಇಟ್ಟರೆ ಒಳ್ಳೆಯ ಕೆಲಸಗಾರರು ಸೋತು, ಬರೆಯಬಲ್ಲವರು ಗೆಲ್ಲುತ್ತಾರೆ. ಸಂಸ್ಥೆಯೊಳಗೆ ನಾವೇ ಒಂದು ಪರೀಕ್ಷೆ ನಡೆಸಿ, ಯಾರಿಗೆ ಯಾವ ತರಬೇತಿ ಬೇಕೆಂದು ತಿಳಿದುಕೊಂಡು, ಬಳಿಕ ಹೊರಗಿನ ಪ್ರಮಾಣಪತ್ರಕ್ಕೆ ಕಳುಹಿಸೋಣ ಎಂಬ ಯೋಚನೆಯಿದೆ. ಅಂತಹ ಪರೀಕ್ಷೆಯಲ್ಲಿ ಏನನ್ನು ನೋಡಬೇಕು? ಮುಖ್ಯವಾಗಿ ನಮ್ಮ ಕರಾವಳಿಯ ಮಳೆ, ಗಾಳಿಗೆ ಸಂಬಂಧಿಸಿ ಯಾವುದನ್ನು ಬಿಡಬಾರದು?

ಉತ್ತರ
ಸ್ಟ್ರಕ್ಚರಲ್ ಎಂಜಿನಿಯರ್, ಮಣಿಪಾಲ

ನಿಮ್ಮ ಯೋಚನೆ ಸರಿಯಾಗಿದೆ. ಪರೀಕ್ಷೆಯನ್ನು ಮಾತಿನಲ್ಲಿ ಮತ್ತು ಕೈಕೆಲಸದಲ್ಲಿ ನಡೆಸಿ, ಅದೂ ಆತನಿಗೆ ಅರ್ಥವಾಗುವ ಭಾಷೆಯಲ್ಲಿ. ಅಗತ್ಯವಿದ್ದರೆ ಆ ಭಾಷೆ ಬಲ್ಲ ಇನ್ನೊಬ್ಬ ಕೆಲಸಗಾರನನ್ನು ಜೊತೆಗೆ ನಿಲ್ಲಿಸಿಕೊಳ್ಳಿ. ಕೇಳಿದ್ದು, ಆತ ಹೇಳಿದ್ದು, ಮಾಡಿದ್ದು ಎಲ್ಲವನ್ನೂ ಪರೀಕ್ಷಕನೇ ಬರೆದುಕೊಳ್ಳಲಿ. ಓದುಬರಹವನ್ನು ಅಳೆಯುವುದು ನಮ್ಮ ಉದ್ದೇಶವಲ್ಲ. ಆದರೆ ಟ್ಯಾಗಿನಲ್ಲಿ ಬರೆದಿರುವ ಭಾರದ ಮಿತಿಯನ್ನು ಮತ್ತು ದಿನಾಂಕವನ್ನು ಓದಿ ತಿಳಿಯುವಷ್ಟನ್ನು ಎಲ್ಲರಿಗೂ ಕಲಿಸಲೇಬೇಕು.

ಪರೀಕ್ಷೆಗಾಗಿ ನಿಮ್ಮ ಅಂಗಳದಲ್ಲಿಯೇ ಒಂದು ಸಣ್ಣ ಸ್ಕ್ಯಾಫೋಲ್ಡನ್ನು ಬೇಕೆಂದೇ ಕೆಲವು ದೋಷಗಳೊಂದಿಗೆ ಕಟ್ಟಿಸಿ, ಅದರ ಮೇಲೆ ಯಾರನ್ನೂ ಹತ್ತಿಸದೆ, ಕೆಳಗೆ ನಿಂತೇ ದೋಷಗಳನ್ನು ಗುರುತಿಸಲು ಹೇಳಿ. ಅನುಭವದ ನಿಜವಾದ ಬೆಲೆ ಗೊತ್ತಾಗುವುದು ಅಲ್ಲಿ. ಕಂಬದ ಬುಡದ ತಟ್ಟೆಯಾದ ಬೇಸ್ ಪ್ಲೇಟಿನ ಕೆಳಗೆ ಹಲಗೆಯಿಲ್ಲದಿರುವುದು, ಒಂದು ಕಡೆ ಬ್ರೇಸಿಂಗ್ ಮುಗಿಯದಿರುವುದು, ಹಲಗೆಯ ತುದಿ ಆಧಾರದಿಂದಾಚೆಗೆ ಅತಿಯಾಗಿ ಚಾಚಿರುವುದು, ಇವನ್ನು ಕಂಡುಹಿಡಿದರೆ ಸಾಲದು, ಅದರಿಂದ ಏನಾಗುತ್ತದೆ ಎಂದೂ ಹೇಳಬೇಕು. 38 ಮಿಲಿಮೀಟರ್ ದಪ್ಪದ ಮರದ ಹಲಗೆಗೆ ಬ್ರಿಟನ್ನಿನ ರೂಢಿಯಲ್ಲಿ ಆಧಾರಗಳ ನಡುವಿನ ಅಂತರ 1.2 ಮೀಟರ್ ಮೀರುವುದಿಲ್ಲ, ತುದಿ 50ರಿಂದ 150 ಮಿಲಿಮೀಟರ್‌ನಷ್ಟು ಮಾತ್ರ ಚಾಚಿರುತ್ತದೆ. ಕಡಿಮೆಯಾದರೆ ಹಲಗೆ ಆಧಾರದಿಂದ ಜಾರುತ್ತದೆ. ಹೆಚ್ಚಾದರೆ ತುದಿ ಮೆಟ್ಟಿದವನ ಸಮೇತ ಹಲಗೆ ಎದ್ದು ನಿಲ್ಲುತ್ತದೆ.

ಭಾರದ ಲೆಕ್ಕವನ್ನು ಸಿಮೆಂಟು ಚೀಲದಲ್ಲಿ ಕೇಳಿ, ಎಲ್ಲರಿಗೂ ಅರ್ಥವಾಗುತ್ತದೆ. ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕಿಲೋ ಹೊರುವಂತೆ ಕಟ್ಟಿದ ಅಟ್ಟಣಿಗೆ ಎಂದಿಟ್ಟುಕೊಳ್ಳಿ. 2 ಮೀಟರ್ ಉದ್ದ, 1 ಮೀಟರ್ ಅಗಲದ ಒಂದು ಅಂಕಣದಲ್ಲಿ, ಅಂದರೆ ಎರಡು ಜೊತೆ ಕಂಬಗಳ ನಡುವಿನ ಜಾಗದಲ್ಲಿ, ಒಟ್ಟು ಸುಮಾರು 400 ಕಿಲೋ ಮಾತ್ರ ಇಡಬಹುದು. ಇಬ್ಬರು ಕೆಲಸಗಾರರಿಗೂ ಅವರ ಸಲಕರಣೆಗಳಿಗೂ 200 ಕಿಲೋ ಬಿಟ್ಟರೆ ಉಳಿಯುವುದು 50 ಕಿಲೋದ ನಾಲ್ಕೇ ಚೀಲ. ನಮ್ಮ ಕಟ್ಟಡಗಳಲ್ಲಿ ಇಟ್ಟಿಗೆಯನ್ನೂ ಕಲಸಿದ ಗಾರೆಯನ್ನೂ ಒಂದೇ ಮೂಲೆಯಲ್ಲಿ ಗುಡ್ಡೆ ಹಾಕುವುದನ್ನು ನೋಡಿದ ಯಾರಿಗಾದರೂ ಈ ಲೆಕ್ಕದ ಮಹತ್ವ ತಿಳಿಯುತ್ತದೆ.

ಈಗ ಕರಾವಳಿಯ ಮಾತಿಗೆ ಬರುತ್ತೇನೆ. ಇದರ ಬಗ್ಗೆ ಹೊರಗಿನ ಪಠ್ಯಗಳಲ್ಲಿ ಸಿಗುವುದು ಕಡಿಮೆ, ನಮ್ಮಲ್ಲಿ ಇದರ ಅಗತ್ಯ ಹೆಚ್ಚು.

ಉಪ್ಪುಗಾಳಿಯಲ್ಲಿ ಪೈಪು ಒಳಗಿನಿಂದ ತಿಂದುಹೋಗುತ್ತದೆ. ಹೊರಗೆ ಬಣ್ಣ ಬಳಿದರೆ ಏನೂ ತಿಳಿಯುವುದಿಲ್ಲ. ನಾವು ಒಂದೂವರೆ ಇಂಚಿನದೆಂದು ಕರೆಯುವ ಪೈಪಿನ ಹೊರವ್ಯಾಸ 48.3 ಮಿಲಿಮೀಟರ್. ಗೋಡೆಯ ದಪ್ಪ 4 ಮಿಲಿಮೀಟರ್ ಇದ್ದರೆ ಮೀಟರಿಗೆ 4.37 ಕಿಲೋ ತೂಗುತ್ತದೆ, 3.2 ಮಿಲಿಮೀಟರ್ ಇದ್ದರೆ 3.56 ಕಿಲೋ. ಅಂದರೆ ಆರು ಮೀಟರಿನ ದಪ್ಪ ಪೈಪು ಸುಮಾರು 26 ಕಿಲೋ, ತೆಳುವಾದದ್ದು ಸುಮಾರು 21 ಕಿಲೋ. ಗೋದಾಮಿನಲ್ಲಿ ಒಂದು ತೂಕದ ಯಂತ್ರ ಇಟ್ಟು, ಸಂಶಯ ಬಂದ ಪೈಪನ್ನು ತೂಗಿ, ತುದಿಯಲ್ಲಿ ಕ್ಯಾಲಿಪರ್ ಹಿಡಿದು ದಪ್ಪ ಅಳೆಯುವುದನ್ನು ನಿಮ್ಮ ಹಿರಿಯ ಕೆಲಸಗಾರರಿಗೆ ಕಲಿಸಿ. ಕೈಯಲ್ಲಿ ಎತ್ತಿದಾಗಲೇ ಪೈಪಿನ ಹಗುರ ಅವರಿಗೆ ಗೊತ್ತಾಗುತ್ತದೆ. ಆ ಅರಿವಿಗೆ ಒಂದು ಅಂಕಿ ಸಿಕ್ಕರೆ, ಆ ಪೈಪನ್ನು ಬದಿಗಿಡಲು ಅವರಿಗೆ ಯಾರನ್ನೂ ಒಪ್ಪಿಸಬೇಕಾಗುವುದಿಲ್ಲ.

ಎರಡನೆಯದು ಹಸಿರು ಬಲೆ. ಧೂಳು ಹೊರಗೆ ಬೀಳದಿರಲೆಂದು ಸಾರುವೆಗೆ ಬಲೆ ಅಥವಾ ಟಾರ್ಪಾಲು ಹೊದಿಸುತ್ತಾರೆ. ಬರೀ ಪೈಪುಗಳ ಮೂಲಕ ಹಾದುಹೋಗುತ್ತಿದ್ದ ಗಾಳಿ, ಹೊದಿಸಿದ ಮೇಲೆ ಇಡೀ ಮೈಯನ್ನು ದೂಡುತ್ತದೆ, ಹಾಯಿ ಬಿಚ್ಚಿದ ದೋಣಿಯ ಹಾಗೆ. ಬಲೆಯಿಲ್ಲದ ಸ್ಥಿತಿಗೆಂದು ಹಾಕಿದ ಟೈಗಳು ಆಗ ಸಾಲುವುದಿಲ್ಲ. ಬಲೆ ಹೊದಿಸುವುದೆಂದರೆ ಸ್ಕ್ಯಾಫೋಲ್ಡನ್ನೇ ಬದಲಾಯಿಸಿದಂತೆ ಎಂದು ಪರಿಗಣಿಸಿ, ಟೈಗಳ ಸಂಖ್ಯೆಯನ್ನು ಮತ್ತೆ ಲೆಕ್ಕ ಹಾಕಿಸಿ, ಹೊಸದಾಗಿ ಪರಿಶೀಲಿಸಿ ಟ್ಯಾಗು ಹಾಕಬೇಕು. ಈ ಒಂದು ಪ್ರಶ್ನೆಗೆ ಸರಿಯಾಗಿ ಉತ್ತರಿಸಲಾಗದವನಿಗೆ ಪರಿಶೀಲನೆಯ ಹೊಣೆ ಕೊಡಬೇಡಿ.

ಮೂರನೆಯದು ನೆಲ. ಬೇಸಿಗೆಯಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಕಾಣುವ ಕೆಂಪುಮಣ್ಣಿನ ತುಂಬಿದ ನೆಲ, ಜೂನಿನ ಮಳೆ ನಾಲ್ಕು ದಿನ ಹಿಡಿದರೆ ಬೇಸ್ ಪ್ಲೇಟನ್ನು ನುಂಗುತ್ತದೆ. ಒಂದು ಕಂಬ ಕುಸಿದರೆ ಅದರ ಭಾರ ಪಕ್ಕದ ಕಂಬಗಳ ಮೇಲೆ ಬೀಳುತ್ತದೆ. ಬೇಸ್ ಪ್ಲೇಟಿನ ಕೆಳಗೆ ಅಗಲವಾದ ಹಲಗೆ, ಅಂದರೆ ಸೋಲ್ ಬೋರ್ಡು, ಬುಡದಿಂದ ನೀರು ಹರಿದುಹೋಗಲು ಚರಂಡಿ, ಪ್ರತಿ ದೊಡ್ಡ ಮಳೆಯ ಬಳಿಕ ಬುಡದ ಪರಿಶೀಲನೆ ಇವು ತರಬೇತಿಯ ಭಾಗವಾಗಬೇಕು. ಎತ್ತರದಲ್ಲಿ ಮಾಡುವ ಕೆಲಸಕ್ಕೆಂದು ಇರುವ ಬ್ರಿಟನ್ನಿನ 2005ರ ನಿಯಮಗಳ ಪ್ರಕಾರ ಸ್ಕ್ಯಾಫೋಲ್ಡನ್ನು ಬಳಕೆಗೆ ಮುನ್ನ, ಆ ಮೇಲೆ ಏಳು ದಿನ ಮೀರದಂತೆ, ಮತ್ತು ಬಿರುಗಾಳಿಯಂತಹ ಘಟನೆಯ ನಂತರ ಪರಿಶೀಲಿಸಬೇಕು. ಓಶಾ ಪ್ರತಿ ಪಾಳಿಯ ಮೊದಲು ನೋಡಬೇಕು ಎನ್ನುತ್ತದೆ. ನಮ್ಮ ಮಳೆಗಾಲಕ್ಕೆ ಎರಡನೆಯದೇ ತಕ್ಕದ್ದು ಎಂಬುದು ನನ್ನ ಅಭಿಪ್ರಾಯ.

ಕೊನೆಗೆ, ಕೆಲಸಗಾರ ಎಷ್ಟೇ ನುರಿತವನಾಗಿದ್ದರೂ ಅವನ ಅನುಭವದ ಮಿತಿ ಎಲ್ಲಿ ಮುಗಿಯುತ್ತದೆ ಎಂದು ಅವನಿಗೆ ಗೊತ್ತಿರಬೇಕು. ಗೋಡೆಯಿಂದ ಹೊರಚಾಚಿದ, ಮೇಲಿನಿಂದ ತೂಗುಬಿಟ್ಟ, ಮಾಮೂಲಿಗಿಂತ ಭಾರವಾದ ಸಾಮಾನು ಹೊರುವ ಸ್ಕ್ಯಾಫೋಲ್ಡುಗಳಿಗೆ ಎಂಜಿನಿಯರನ ನಕ್ಷೆ ಬೇಕು. ಓಶಾ ಪ್ರಕಾರ ಪೈಪು-ಕ್ಲಾಂಪಿನ ಸ್ಕ್ಯಾಫೋಲ್ಡು 125 ಅಡಿ, ಅಂದರೆ ಸುಮಾರು 38 ಮೀಟರ್ ಮೀರಿದರೆ ಅದನ್ನು ನೋಂದಾಯಿತ ಎಂಜಿನಿಯರನೇ ವಿನ್ಯಾಸಗೊಳಿಸಬೇಕು. ನಕ್ಷೆ ಕೊಡಿ, ಆಮೇಲೆ ಕಟ್ಟುತ್ತೇನೆ ಎಂದು ಹೇಳುವುದನ್ನೂ ಪರೀಕ್ಷೆಯಲ್ಲಿ ಅಂಕ ಕೊಟ್ಟು ಗುರುತಿಸಬೇಕಾದ ಅರ್ಹತೆಯೆಂದು ನಾನು ತಿಳಿಯುತ್ತೇನೆ. ನಮ್ಮ ದೇಶದ ಮಾನಕಗಳಲ್ಲಿ ಐಎಸ್ 3696ರ ಮೊದಲ ಭಾಗ ಮತ್ತು ಐಎಸ್ 4014 ಈ ಕೆಲಸಕ್ಕೆ ಸಂಬಂಧಿಸಿದವು. ಪರೀಕ್ಷಕನ ಕೈಯಲ್ಲಿ ಅವು ಇರಲಿ.

ಪ್ರತಿಕ್ರಿಯೆ
ಸ್ಕ್ಯಾಫೋಲ್ಡಿಂಗ್ ಕೆಲಸಗಾರ, ಕಿನ್ನಿಗೋಳಿ

ಮೇಲೆ ಬರೆದವರೆಲ್ಲ ನಮ್ಮ ಮೇಲೆ ಕಾಳಜಿಯಿಟ್ಟು ಬರೆದಿದ್ದಾರೆ, ಸಂತೋಷವಾಯಿತು. ಕೆಲಸ ಮಾಡುವವನಾಗಿ ಎರಡು ಮಾತು ಸೇರಿಸುತ್ತೇನೆ.

ಪರೀಕ್ಷೆಗೆ ನಮ್ಮಂತಹವರ ವಿರೋಧ ಇಲ್ಲ. ತರಬೇತಿಗೆ ಹೋದ ದಿನಗಳ ಸಂಬಳ ಕಡಿತವಾಗುತ್ತದೆ, ಶುಲ್ಕವನ್ನೂ ನಮ್ಮಿಂದಲೇ ಹಿಡಿಯುತ್ತಾರೆ, ಪ್ರಮಾಣಪತ್ರ ಬಂದ ಮೇಲೆಯೂ ಕೂಲಿ ಮೊದಲಿನಷ್ಟೇ ಇರುತ್ತದೆ. ನಮ್ಮ ಬೇಸರ ಇದರ ಬಗ್ಗೆ. ಹಂತ ಏರಿದವನಿಗೆ ಕೂಲಿಯೂ ಏರುತ್ತದೆ ಎಂದು ಮೊದಲೇ ಹೇಳಿದರೆ ಹಿರಿಯರೇ ಮುಂದೆ ಬಂದು ಕೂರುತ್ತಾರೆ. ಇನ್ನೊಂದು, ಕಟ್ಟಿದವನಿಂದಲೇ, ಬಳಸಲು ಸುರಕ್ಷಿತ ಎಂದು ಹೇಳುವ ಹಸಿರು ಟ್ಯಾಗಿಗೆ ಸಹಿ ಹಾಕಿಸುವ ಪದ್ಧತಿಯನ್ನು ದಯವಿಟ್ಟು ನಿಲ್ಲಿಸಿ. ನಾನು ಕಟ್ಟಿದ್ದರಲ್ಲಿ ನನಗೆ ಕಾಣದ ಕೊರತೆ ಇನ್ನೊಬ್ಬನ ಕಣ್ಣಿಗೆ ಕಾಣುತ್ತದೆ.

ಉತ್ತರ
ನಿವೃತ್ತ ಸುರಕ್ಷತಾ ಅಧಿಕಾರಿ, ಸುರತ್ಕಲ್

ಕಿನ್ನಿಗೋಳಿಯವರ ಎರಡೂ ಮಾತುಗಳನ್ನು ಪೂರ್ತಿಯಾಗಿ ಅನುಮೋದಿಸುತ್ತೇನೆ. ತರಬೇತಿಯ ದಿನವೂ ಕೆಲಸದ ದಿನವೇ. ಅದರ ಖರ್ಚು ಗುತ್ತಿಗೆದಾರನದು, ಅದನ್ನು ಟೆಂಡರಿನ ದರದಲ್ಲಿಯೇ ಸೇರಿಸಬೇಕು.

ಈವರೆಗೆ ಯಾರೂ ಎತ್ತದ ವಿಷಯ ರಕ್ಷಣಾ ಕಾರ್ಯ. ಹಾರ್ನೆಸ್ ಬಿದ್ದವನನ್ನು ನೆಲಕ್ಕೆ ಅಪ್ಪಳಿಸದಂತೆ ಹಿಡಿಯುತ್ತದೆ. ಆದರೆ ಅದರಲ್ಲಿ ಅಲುಗಾಡದೆ ನೇತಾಡುತ್ತಿರುವವನಿಗೆ ಕಾಲಿನ ರಕ್ತ ಮೇಲೆ ಬಾರದೆ, ಸ್ವಲ್ಪ ಹೊತ್ತಿನಲ್ಲಿಯೇ ಪ್ರಾಣಕ್ಕೆ ಕುತ್ತು ಬರಬಹುದು. ಅಗ್ನಿಶಾಮಕ ದಳ ಬರಲಿ ಎಂದು ಕಾಯುವಷ್ಟು ಸಮಯ ಅಲ್ಲಿ ಇರುವುದಿಲ್ಲ. ಅವನನ್ನು ಯಾರು, ಯಾವ ಸಲಕರಣೆಯಿಂದ, ಯಾವ ಕಡೆಯಿಂದ ಇಳಿಸುತ್ತಾರೆ ಎಂಬುದು ಪ್ರತಿ ಕೆಲಸಕ್ಕೂ ಮೊದಲೇ ನಿರ್ಧಾರವಾಗಿರಬೇಕು, ತಂಡ ಅದನ್ನು ಒಮ್ಮೆಯಾದರೂ ಮಾಡಿ ನೋಡಿರಬೇಕು. ಅನುಭವಿಗಳ ತರಬೇತಿಯಲ್ಲಿ ಮೊದಲ ಸ್ಥಾನ ಇದಕ್ಕೇ ಸಲ್ಲಬೇಕೆಂಬುದು ನನ್ನ ದೃಢ ಅಭಿಪ್ರಾಯ, ಏಕೆಂದರೆ ಎಷ್ಟೇ ವರ್ಷ ಕೆಲಸ ಮಾಡಿದರೂ ಇದು ತಾನಾಗಿ ಬರುವ ವಿದ್ಯೆಯಲ್ಲ.

ಕಡತದ ಬಗ್ಗೆ ಸಂಕ್ಷಿಪ್ತವಾಗಿ ಹೇಳುತ್ತೇನೆ. ಪ್ರತಿಯೊಬ್ಬನಿಗೂ ಒಂದು ಹಾಳೆ ಇರಲಿ. ಯಾವ ಬಗೆಯ ಸ್ಕ್ಯಾಫೋಲ್ಡಿಂಗಿನಲ್ಲಿ ಅವನನ್ನು ಪರೀಕ್ಷಿಸಲಾಗಿದೆ, ಯಾರು ಪರೀಕ್ಷಿಸಿದರು, ಎಂದು, ಯಾವ ಕೊರತೆ ಕಂಡಿತು, ಅದಕ್ಕೆ ಏನು ತರಬೇತಿ ಕೊಡಲಾಯಿತು ಎಂಬುದನ್ನು ಅದರಲ್ಲಿ ಬರೆದಿಡಿ. ಪೈಪು-ಕ್ಲಾಂಪಿನಲ್ಲಿ ಪರೀಕ್ಷೆಯಾದವನನ್ನು ಕಪ್‌ಲಾಕಿಗೂ ಅರ್ಹನೆಂದು ಬರೆಯಬೇಡಿ. ಕಣ್ಣು, ರಕ್ತದೊತ್ತಡ, ತಲೆಸುತ್ತು, ಮೂರ್ಛೆರೋಗದ ವೈದ್ಯಕೀಯ ತಪಾಸಣೆಯ ವರದಿಯೂ ಅದರ ಜೊತೆಗಿರಲಿ. ಹಿರಿಯ ಕೆಲಸಗಾರರಿಗೆ ಇದು ಹೆಚ್ಚು ಮುಖ್ಯ. ಹೊರಗಿನ ಪ್ರಮಾಣಪತ್ರ ತಂದವರ ಕಾರ್ಡನ್ನು ಕೊಟ್ಟ ಸಂಸ್ಥೆಯಿಂದಲೇ ಖಚಿತಪಡಿಸಿಕೊಳ್ಳಿ, ನಕಲಿ ಕಾರ್ಡುಗಳು ಓಡಾಡುತ್ತಿವೆ.

ಇನ್ನು ನಿಮ್ಮ ಟೆಂಡರಿನ ವಿಚಾರ. ಯಾವ ಯೋಜನೆಯ ಪ್ರಮಾಣಪತ್ರ ಒಪ್ಪಿಗೆ, ಆರ್‌ಪಿಎಲ್ ಮಾರ್ಗದಲ್ಲಿ ಪಡೆದದ್ದು ಸಲ್ಲುತ್ತದೆಯೆ, ಪರಿಶೀಲಕನಿಗೆ ಯಾವ ಹಂತ ಬೇಕು ಎಂಬ ಮೂರು ಪ್ರಶ್ನೆಗಳನ್ನು ಟೆಂಡರು ಪೂರ್ವ ಸಭೆಯಲ್ಲಿ ಎತ್ತಿ, ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಿ. ಆ ಉತ್ತರ ಕೈಗೆ ಬರುವವರೆಗೆ ಯಾರನ್ನೂ ಯಾವ ಹೊರಗಿನ ತರಬೇತಿಗೂ ಹಣ ಕಟ್ಟಿ ಕಳುಹಿಸಬೇಡಿ. ಅಂಗಳದ ಪರೀಕ್ಷೆಯನ್ನು ಮಾತ್ರ ನಾಳೆಯಿಂದಲೇ ಆರಂಭಿಸಬಹುದು.